ಊರು ದೂರ, ಮಾತು ಹತ್ತಿರ

ಸಂಜೆ ಹೊತ್ತು ಶಿಗ್ಗಾಂವದ ಬಸ್ ನಿಲ್ದಾಣದಲ್ಲಿ ಸ್ವಲ್ಪ ನಿಂತು ನೋಡಿರಿ. ಹೆಗಲಿಗೆ ಚೀಲ ಹಾಕಿಕೊಂಡವರು ಕಾಣುತ್ತಾರೆ. ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಹೊದಿಕೆ, ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಅವರು ದುಡಿಯಲು ಹೊರಟವರು. ಒಬ್ಬರು ಗೋವಾಕ್ಕೆ ಗೌಂಡಿ ಕೆಲಸಕ್ಕೆ ಹೋಗುತ್ತಾರೆ. ಒಬ್ಬರು ಬೆಂಗಳೂರಿಗೆ, ಒಬ್ಬರು ಮಂಗಳೂರಿಗೆ. ಕೆಲವರು ಮಲೆನಾಡಿನ ಕಾಫಿ ತೋಟಕ್ಕೆ. ಕೆಲವರು ಸಮುದ್ರ ದಾಟಿ ಕೊಲ್ಲಿ ದೇಶಗಳಿಗೂ ಹೋಗಿದ್ದಾರೆ.

ಮಳೆ ಸರಿಯಾಗಿ ಬಂದರೆ ಹೊಲದಲ್ಲಿ ಕೆಲಸ. ಗೋವಿನಜೋಳ, ಹತ್ತಿ, ಶೇಂಗಾ ಮನೆಗೆ ಬಂದ ಮೇಲೆ ಕೈಗೆ ಕೆಲಸ ಇಲ್ಲ. ಸಾಲ ಮಾತ್ರ ಇರುತ್ತದೆ. ಆಗ ಬಸ್ಸು ಹತ್ತಬೇಕು. ಇದು ನಮ್ಮ ಕಡೆಯ ಬಾಳು.

ಬಸ್ಸು ಹೊರಟಿತು. ಮನೆಯಲ್ಲಿ ಉಳಿದವರು ನಾವು ಹೆಂಗಸರು. ನಮ್ಮ ತಲೆಯಲ್ಲಿ ಒಂದೇ ಮಾತು ತಿರುಗುತ್ತದೆ. "ಮುಟ್ಟಿದನೋ ಇಲ್ಲೋ? ಉಂಡನೋ ಇಲ್ಲೋ?"

ಈ ಮಾತಿಗೆ ಉತ್ತರ ತಿಳಿಯಲು ಹಿಂದೆ ಎಷ್ಟು ದಿನ ಬೇಕಾಗುತ್ತಿತ್ತು? ಈಗ ಎಷ್ಟು ಹೊತ್ತು ಬೇಕು? ಫೋನು ಬಂದ ಮೇಲೆ ನಮಗೆ ಅಕ್ಷರ ಬೇಕೋ ಬೇಡವೋ? ಬನ್ನಿ, ಕಟ್ಟೆಯ ಮೇಲೆ ಕೂತು ಮಾತಾಡೋಣ.

ಕಾಗದದ ಕಾಲ

ನಮ್ಮ ದೇಶದಲ್ಲಿ ಅಂಚೆ ಕಾರ್ಡು ಬಂದದ್ದು 1879ರಲ್ಲಿ. ಮರುವರ್ಷ 1880ರಲ್ಲಿ ಮನಿಯಾರ್ಡರ್ ಬಂತು. ದೂರದ ಊರಲ್ಲಿ ದುಡಿದವರು ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟುತ್ತಿದ್ದರು. ಅಂಚೆಯಣ್ಣ ಮನೆ ಬಾಗಿಲಿಗೆ ಬಂದು ಆ ದುಡ್ಡು ಎಣಿಸಿ ಕೊಡುತ್ತಿದ್ದ. ಫಾರಂನ ಕೆಳಗೆ ಸ್ವಲ್ಪ ಜಾಗ ಇರುತ್ತಿತ್ತು. ಅಲ್ಲಿ ಕಳಿಸಿದವರು ನಾಲ್ಕು ಮಾತು ಬರೆಯಬಹುದಿತ್ತು. ಅಂಚೆಯಣ್ಣ ಆ ಚೂರು ಹರಿದು ನಮ್ಮ ಕೈಗೆ ಕೊಡುತ್ತಿದ್ದ. ಓದು ಬಾರದವರು ಹೆಬ್ಬೆಟ್ಟು ಒತ್ತಿ ದುಡ್ಡು ತಗೊಳ್ಳುತ್ತಿದ್ದರು. ಆ ಚೂರಿನಲ್ಲಿ ಏನಿದೆ ಎಂದು ಅವನನ್ನೇ ಕೇಳುತ್ತಿದ್ದರು.

ನೀಲಿ ಬಣ್ಣದ ಇನ್ಲೆಂಡ್ ಪತ್ರ ನಿಮಗೆ ನೆನಪಿರಬೇಕು. ಮೂರು ಮಡಿಕೆ ಮಾಡಿ ಅಂಟಿಸಿದರೆ ಅದೇ ಕಾಗದ, ಅದೇ ಲಕೋಟೆ. "ಕ್ಷೇಮ, ಕ್ಷೇಮಕ್ಕೆ ಬರೆಯಿರಿ" ಎಂದು ಶುರುವಾಗುತ್ತಿತ್ತು. ಪತ್ರ ಬರಲು ನಾಲ್ಕು ದಿನ, ಎಂಟು ದಿನ. ಉತ್ತರ ಹೋಗಲು ಮತ್ತೆ ಅಷ್ಟೇ ದಿನ.

ದಿನ ಎಣಿಸುವುದು ಒಂದು ಕಷ್ಟ. ಅದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿತ್ತು. ಪತ್ರವನ್ನು ಓದುವವರು ಯಾರು? ಬರೆಯುವವರು ಯಾರು?

ನಮ್ಮ ಅಕ್ಷರ ತರಗತಿಗೆ ಬರುವ ಒಬ್ಬ ಅಕ್ಕ ಒಂದು ದಿನ ತನ್ನ ಕಥೆ ಹೇಳಿದಳು. ಅದು ಮೂವತ್ತು ವರ್ಷದ ಹಿಂದಿನ ಮಾತು. ಆಗ ಅವಳ ಗಂಡ ಗೋವಾದಲ್ಲಿ ಇದ್ದ. ಅವಳಿಗೆ ಓದು ಬರುತ್ತಿರಲಿಲ್ಲ. ಪಕ್ಕದ ಮನೆಯ ಏಳನೇತ್ತೆ ಹುಡುಗ ಅವಳ ಪತ್ರ ಬರೆದುಕೊಡುತ್ತಿದ್ದ. ಅತ್ತೆ, ಮಾವ, ಮೈದುನ ಸುತ್ತ ಕೂಡುತ್ತಿದ್ದರು.

"ಆ ವರ್ಷ ನಂಗ ಮೂರು ತಿಂಗಳಿಗೆ ಬಸುರು ಇಳೀತು. ಮೈಯಾಗ ಶಕ್ತಿ ಇರಲಿಲ್ಲ. ಮನಸ್ಸು ಕೆಟ್ಟಿತ್ತು. ಅವರಿಗೆ ಹೇಳಬೇಕು ಅನ್ನಿಸ್ತು. ಆದರ ಆ ಸಣ್ಣ ಹುಡುಗನ ಮುಂದ ಹೆಂಗ ಹೇಳೋದು? ಮಾವನ ಮುಂದ ಹೆಂಗ ಹೇಳೋದು? ಎಲ್ಲಾರೂ ಆರಾಮ ಅದೀವಿ ಅಂತ ಬರಿಯಪ್ಪಾ ಅಂದೆ. ಅವ ಹಂಗ ಬರದ" ಎಂದಳು.

ಗಂಡ ಊರಿಗೆ ಬಂದದ್ದು ಐದು ತಿಂಗಳ ಮೇಲೆ. ಅಲ್ಲಿಯ ತನಕ ಅವನಿಗೆ ಏನೂ ಗೊತ್ತಿರಲಿಲ್ಲ. ಅವನು ಬಂದವನೇ "ನಂಗ್ಯಾಕ ತಿಳಿಸಲಿಲ್ಲ?" ಎಂದು ಸಿಟ್ಟು ಮಾಡಿದ. ಅವಳು ಏನು ಉತ್ತರ ಕೊಡಬೇಕು?

ತಪ್ಪು ಆ ಹುಡುಗನದಲ್ಲ. ಅವನು ಉಪಕಾರ ಮಾಡಿದ. ತಪ್ಪು ಅವಳದೂ ಅಲ್ಲ. ಗಂಡ ಹೆಂಡತಿ ನಡುವೆ ಮೂರನೆಯವರ ಕೈ ಇತ್ತು. ಮೂರನೆಯವರ ಬಾಯಿ ಇತ್ತು. ಅದಕ್ಕೇ ಒಳಗಿನ ಮಾತು ಒಳಗೇ ಉಳಿಯಿತು.

ವಿಳಾಸ ಅಂದರೆ ಏನು?

ಪತ್ರ ಸರಿಯಾಗಿ ಮುಟ್ಟಲು ವಿಳಾಸ ಬೇಕು. ನಮ್ಮ ಶಿಗ್ಗಾಂವ 1997ರ ತನಕ ಧಾರವಾಡ ಜಿಲ್ಲೆಯಲ್ಲಿ ಇತ್ತು. ಆ ವರ್ಷ ಹಾವೇರಿ ಜಿಲ್ಲೆ ಆಯಿತು. ಆಗ ಎಲ್ಲರೂ ವಿಳಾಸದಲ್ಲಿ ಜಿಲ್ಲೆಯ ಹೆಸರು ಬದಲಿಸಿ ಬರೆಯಬೇಕಾಯಿತು.

ವಿಳಾಸದ ಕೊನೆಗೆ ಆರು ಅಂಕಿ ಇರುತ್ತವೆ. ಅದಕ್ಕೆ ಪಿನ್ ಕೋಡ್ ಎನ್ನುತ್ತಾರೆ. ಇದು ಶುರುವಾದದ್ದು 1972ರ ಆಗಸ್ಟ್ 15ರಂದು. ಶಿಗ್ಗಾಂವದ ಪಿನ್ 581205. ಮೊದಲಿನ 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣದ ಕಡೆ. ಮೊದಲ ಮೂರು ಅಂಕಿ ಸೇರಿದರೆ ಯಾವ ಭಾಗ ಎಂದು ತಿಳಿಯುತ್ತದೆ. ಕೊನೆಯ ಮೂರು ಅಂಕಿ ಅಂಚೆ ಕಚೇರಿಯ ಗುರುತು. ದೇಶದಲ್ಲಿ ಒಂದೇ ಹೆಸರಿನ ಊರು ಹತ್ತಾರು ಇರಬಹುದು. ಅಂಕಿ ಇದ್ದರೆ ಪತ್ರ ದಾರಿ ತಪ್ಪುವುದಿಲ್ಲ.

ಈಗ ಪತ್ರ ಬರೆಯುವವರು ಕಡಿಮೆ. ಆದರೆ ವಿಳಾಸದ ಕೆಲಸ ಮುಗಿದಿಲ್ಲ. ನಿಮ್ಮ ಗಂಡ, ಮಗ, ಮಗಳು ಯಾವ ಊರಲ್ಲಿ, ಯಾವ ಓಣಿಯಲ್ಲಿ ಇದ್ದಾರೆ ಎಂದು ನಿಮಗೆ ಗೊತ್ತೇ? "ಗೋವಾದಾಗ ಅದಾನ" ಎಂದರೆ ಸಾಲದು. ಇದರ ಮಾತು ಮುಂದೆ ಮತ್ತೆ ಬರುತ್ತದೆ.

ತಾರು ಬಂತು ಅಂದರೆ ಅಳು

ಅವಸರದ ಸುದ್ದಿ ಇದ್ದರೆ ತಾರು ಕಳಿಸುತ್ತಿದ್ದರು. ತಾರು ಎಂದರೆ ತಂತಿ ಸಂದೇಶ. ಒಂದೊಂದು ಶಬ್ದಕ್ಕೂ ದುಡ್ಡು. ಹೀಗಾಗಿ ಮೂರು ನಾಲ್ಕು ಶಬ್ದದಲ್ಲಿ ಸುದ್ದಿ ಮುಗಿಯುತ್ತಿತ್ತು. "ತಾಯಿಗೆ ಜಡ್ಡು, ಬೇಗ ಬಾ." ಬಡವರ ಮನೆಗೆ ತಾರು ಬರುತ್ತಿದ್ದುದು ಸಾವು ನೋವಿಗೇ ಹೆಚ್ಚು. ಅದಕ್ಕೇ ತಾರು ಬಂತು ಎಂದೊಡನೆ, ಓದುವ ಮೊದಲೇ ಹೆಂಗಸರು ಅಳಲು ಶುರು ಮಾಡುತ್ತಿದ್ದರು. ಮಗ ಹುಟ್ಟಿದ ಸುದ್ದಿ ಇದ್ದರೂ ಅಳುವುದೇ! ಓದಿ ಹೇಳಿದ ಮೇಲೆ ನಗು.

2013ರ ಜುಲೈ ತಿಂಗಳಲ್ಲಿ ನಮ್ಮ ದೇಶದಲ್ಲಿ ತಾರು ಸೇವೆ ನಿಂತುಹೋಯಿತು.

ಕಿತ್ತೂರಿನಿಂದ ಬಂದ ಗಂಟೆ

ಹಳ್ಳಿಗೆ ಫೋನು ಬಂದ ಕಥೆಯಲ್ಲಿ ನಮ್ಮ ಕಡೆಯ ಒಂದು ಊರಿನ ಹೆಸರಿದೆ. ಅದು ಕಿತ್ತೂರು. ಹೌದು, ಚೆನ್ನಮ್ಮ ರಾಣಿಯ ಕಿತ್ತೂರೇ.

ಮೊದಲು ಫೋನು ಇದ್ದದ್ದು ಪಟ್ಟಣದಲ್ಲಿ. ಬೇರೆ ಊರಿಗೆ ಮಾತಾಡಲು ಟ್ರಂಕ್ ಕಾಲ್ ಹಚ್ಚಬೇಕಿತ್ತು. ಆಪರೇಟರ್‌ಗೆ ನಂಬರ್ ಹೇಳಿ ಗಂಟೆಗಟ್ಟಲೆ ಕಾಯಬೇಕಿತ್ತು. 1984ರಲ್ಲಿ ಸರ್ಕಾರ ಸಿ-ಡಾಟ್ ಎಂಬ ಸಂಸ್ಥೆ ಕಟ್ಟಿತು. ಅಲ್ಲಿನ ಇಂಜಿನಿಯರುಗಳು ಹಳ್ಳಿಗೆ ತಕ್ಕ ಸಣ್ಣ ಎಕ್ಸ್‌ಚೇಂಜ್ ತಯಾರಿಸಿದರು. ಎಕ್ಸ್‌ಚೇಂಜ್ ಎಂದರೆ ಒಂದು ಫೋನಿನ ಮಾತನ್ನು ಇನ್ನೊಂದು ಫೋನಿಗೆ ಜೋಡಿಸುವ ಯಂತ್ರ. ನಮ್ಮ ಬಿಸಿಲು, ನಮ್ಮ ಧೂಳು ಅದು ತಡೆಯುತ್ತಿತ್ತು. ತಂಪು ಮಾಡುವ ಯಂತ್ರ ಬೇಕಿರಲಿಲ್ಲ. ಅಂಥ ಮೊದಲ ಯಂತ್ರ 1986ರಲ್ಲಿ ಕಿತ್ತೂರಿನಲ್ಲಿ ಶುರುವಾಯಿತು. ಮುಂದೆ ಅಂಥವು ದೇಶದ ಸಾವಿರಾರು ಹಳ್ಳಿಗಳಿಗೆ ಹೋದವು.

ಆಮೇಲೆ ಊರೂರಿಗೆ ಎಸ್.ಟಿ.ಡಿ. ಬೂತ್ ಬಂದವು. ಹಳದಿ ಬೋರ್ಡು, ಗಾಜಿನ ಸಣ್ಣ ಖೋಲಿ. ಒಳಗೆ ಮಾತಾಡುತ್ತಿದ್ದರೆ ಕೆಂಪು ಅಂಕಿ ಓಡುತ್ತಿದ್ದವು. ಮಾತಿಗಿಂತ ಅಂಕಿಯ ಮೇಲೇ ನಮ್ಮ ಕಣ್ಣು. ರಾತ್ರಿ ದರ ಕಡಿಮೆ. ಅದಕ್ಕೇ ರಾತ್ರಿ ಬೂತ್ ಮುಂದೆ ಪಾಳಿ. ಒಂದು ರೂಪಾಯಿ ಹಾಕಿ ಮಾತಾಡುವ ಕಾಯಿನ್ ಫೋನು ಕೂಡ ಬಂತು.

ಮನೆಯಲ್ಲಿ ಫೋನು ಇಲ್ಲದವರು ಶೆಟ್ಟರ ಅಂಗಡಿ ನಂಬರನ್ನೋ, ಗೌಡರ ಮನೆ ನಂಬರನ್ನೋ ಕೊಡುತ್ತಿದ್ದರು. ಅದಕ್ಕೆ ಪಿ.ಪಿ. ನಂಬರ್ ಎನ್ನುತ್ತಿದ್ದರು. ಗೋವಾದಿಂದ ಫೋನು ಬಂದರೆ ಒಬ್ಬ ಹುಡುಗ ಓಡಿ ಬರುತ್ತಿದ್ದ. "ಯಕ್ಕಾ, ನಿಮ್ಮವರ ಫೋನ್ ಬಂದೈತಿ, ಲಗೂನ ಬಾ!" ರೊಟ್ಟಿ ಹಂಚಿನ ಮೇಲೇ ಬಿಟ್ಟು ಓಡಬೇಕು. ಅಲ್ಲಿ ಶೆಟ್ಟರು ಕೂತಿರುತ್ತಾರೆ. ಗಿರಾಕಿ ನಿಂತಿರುತ್ತಾರೆ. ಏನು ಮಾತಾಡುವುದು? "ಹೂಂ. ಆರಾಮ. ಹೂಂ. ಯಾವಾಗ ಬರ್ತೀರಿ?" ಅಷ್ಟೇ.

ನೋಡಿರಿ, ಯಂತ್ರ ಹೊಸದು. ಆದರೆ ಮೂರನೆಯವರ ಕಿವಿ ಹಾಗೇ ಇತ್ತು.

ಕ್ಯಾಸೆಟ್ಟಿನಲ್ಲಿ ಪತ್ರ

ಇಲ್ಲಿ ಇನ್ನೊಂದು ಚೆಂದದ ಸಂಗತಿ ಹೇಳುತ್ತೇವೆ. ಕೇರಳದಿಂದ ಬಹಳ ಜನ ಕೊಲ್ಲಿ ದೇಶಗಳಿಗೆ ದುಡಿಯಲು ಹೋದರು. ಅಲ್ಲಿಂದ ಫೋನು ಮಾಡುವುದು ಬಹಳ ತುಟ್ಟಿ. ಅವರು ಟೇಪ್ ರೆಕಾರ್ಡರ್ ಮುಂದೆ ಕೂತು ಮಾತಾಡಿ ಕ್ಯಾಸೆಟ್ ತುಂಬಿಸುತ್ತಿದ್ದರು. ಊರಿಗೆ ಹೋಗುವವರ ಕೈಯಲ್ಲಿ ಅದನ್ನು ಕಳಿಸುತ್ತಿದ್ದರು. ಮನೆಯವರು ಕೇಳಿ, ತಮ್ಮ ಮಾತು ತುಂಬಿಸಿ ಮತ್ತೆ ಕಳಿಸುತ್ತಿದ್ದರು. ಓದು ಬಾರದ ತಾಯಿಗೂ ಮಗನ ದನಿ ಕೇಳುತ್ತಿತ್ತು. ಇಂದು ನಾವು ವಾಟ್ಸಾಪಿನಲ್ಲಿ ದನಿ ಕಳಿಸುತ್ತೇವಲ್ಲ, ಇದು ಅದರ ಅಜ್ಜಿ ಇದ್ದಂತೆ.

ಮಿಸ್ ಕಾಲ್ ಭಾಷೆ

ಭಾರತದಲ್ಲಿ ಮೊದಲ ಮೊಬೈಲ್ ಕರೆ ಆದದ್ದು 1995ರ ಜುಲೈ 31ರಂದು. ಆಗ ಅದು ಶ್ರೀಮಂತರ ವಸ್ತು. ಕರೆ ಮಾಡಿದರೂ ದುಡ್ಡು, ಕರೆ ಬಂದರೂ ದುಡ್ಡು. 2003ರಲ್ಲಿ ನಿಯಮ ಬದಲಾಯಿತು. ಬರುವ ಕರೆಗೆ ದುಡ್ಡು ಇಲ್ಲ ಎಂದಾಯಿತು. ಆಮೇಲೆ ಬಡವರ ಕೈಗೂ ಸಣ್ಣ ಫೋನು ಬಂತು.

ಆಗ ನಮ್ಮ ಜನ ಒಂದು ಉಪಾಯ ಕಂಡುಹಿಡಿದರು. ಅದೇ ಮಿಸ್ ಕಾಲ್. ಆ ಕಡೆಯವರು ಎತ್ತದ ಕರೆಗೆ ದುಡ್ಡು ಹೋಗುವುದಿಲ್ಲ. ಒಂದು ರಿಂಗ್ ಕೊಟ್ಟರೆ "ಮುಟ್ಟೀನಿ". ಎರಡು ರಿಂಗ್ ಕೊಟ್ಟರೆ "ನೀನ ಫೋನ್ ಮಾಡು, ನನ್ನ ಹಂತ್ಯಾಕ ಕರೆನ್ಸಿ ಇಲ್ಲ". ಇದನ್ನು ಯಾವ ಶಾಲೆಯೂ ಕಲಿಸಲಿಲ್ಲ. ಮನೆ ಮನೆಯಲ್ಲಿ ತಾವೇ ಮಾಡಿಕೊಂಡ ಭಾಷೆ. ಓದು ಬಾರದವರೂ ಜಾಣರೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಮಾತು ಹೇಗೆ ಹೋಗುತ್ತದೆ?

ತಂತಿ ಇಲ್ಲದ ಫೋನಿನಲ್ಲಿ ಮಾತು ಹೇಗೆ ಹೋಗುತ್ತದೆ? ಇದನ್ನು ತಿಳಿದುಕೊಳ್ಳೋಣ.

ನೀವು ಬಂಕಾಪುರದಲ್ಲಿ ಕೂತು ಮಾತಾಡುತ್ತೀರಿ. ಫೋನು ನಿಮ್ಮ ದನಿಯನ್ನು ಸಂಕೇತ ಮಾಡುತ್ತದೆ. ಆ ಸಂಕೇತ ಕಣ್ಣಿಗೆ ಕಾಣದ ಅಲೆಗಳ ಮೇಲೆ ಹತ್ತಿರದ ಟವರಿಗೆ ಹೋಗುತ್ತದೆ. ರೇಡಿಯೋಕ್ಕೆ ಹಾಡು ಬರುವುದೂ ಅಂಥ ಅಲೆಗಳ ಮೇಲೆಯೇ. ಟವರಿನಿಂದ ಮುಂದೆ ಸಂಕೇತ ಬಹಳ ಸಲ ನೆಲದೊಳಗಿನ ಕೇಬಲ್ಲಿನಲ್ಲಿ ಓಡುತ್ತದೆ. ಆ ಕೇಬಲ್ಲಿನೊಳಗೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ ಇರುತ್ತದೆ. ಅದರಲ್ಲಿ ಮಾತು ಬೆಳಕಾಗಿ ಓಡುತ್ತದೆ. ಗೋವಾದಲ್ಲಿ ನಿಮ್ಮ ಮಗನ ಹತ್ತಿರ ಇರುವ ಟವರಿಗೆ ಮುಟ್ಟುತ್ತದೆ. ಆ ಟವರು ಮಗನ ಫೋನಿಗೆ ಕೊಡುತ್ತದೆ. ಫೋನು ಅದನ್ನು ಮತ್ತೆ ದನಿ ಮಾಡುತ್ತದೆ. ಇಷ್ಟೆಲ್ಲ ಆಗಲು ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತೂ ಬೇಡ.

ಮಗ ಎಲ್ಲಿದ್ದಾನೆ ಎಂದು ಟವರಿಗೆ ಹೇಗೆ ಗೊತ್ತು? ಫೋನು ಚಾಲೂ ಇದ್ದರೆ ಅದು ಆಗಾಗ "ನಾನು ಇಲ್ಲಿದ್ದೇನೆ" ಎಂದು ಟವರಿಗೆ ಹೇಳುತ್ತಿರುತ್ತದೆ. ಯಾರ ಫೋನು ಎಂದು ಗುರುತಿಸುವುದು ಸಿಮ್ ಎಂಬ ಸಣ್ಣ ಚೂರು.

ಇದು ತಿಳಿದಿದ್ದರೆ ಸುಮ್ಮನೆ ಗಾಬರಿ ಆಗುವುದಿಲ್ಲ. "ಸ್ವಿಚ್ ಆಫ್ ಆಗಿದೆ" ಎಂದು ಹೇಳಿತೇ? ಚಾರ್ಜ್ ಮುಗಿದಿರಬಹುದು. "ವ್ಯಾಪ್ತಿ ಪ್ರದೇಶದ ಹೊರಗೆ ಇದ್ದಾರೆ" ಎಂದಿತೇ? ಟವರಿನ ಅಲೆ ಸಿಗದ ಜಾಗದಲ್ಲಿ ಇರಬಹುದು. ರೈಲು ಹುಬ್ಬಳ್ಳಿಯಿಂದ ಲೋಂಡಾ ದಾಟಿ ಗೋವಾದ ಘಟ್ಟ ಇಳಿಯುವಾಗ ಹಾಗೆ ಆಗುತ್ತದೆ. ದಟ್ಟ ಕಾಡು, ಸುರಂಗ. ಅಲ್ಲಿ ಅಲೆ ಸಿಗುವುದು ಕಷ್ಟ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿರಿ.

ಮುಖ ಕಂಡಿತು

ಮುಂದೆ ದೊಡ್ಡ ಪರದೆಯ ಫೋನು ಬಂತು. 2016ರಿಂದ ಇಂಟರ್ನೆಟ್ ದರ ಬಹಳ ಇಳಿಯಿತು. ವಾಟ್ಸಾಪು ಹಳ್ಳಿಗೂ ಬಂತು. ಈಗ ಮಾತು ಕೇಳುವುದಷ್ಟೇ ಅಲ್ಲ, ಮುಖವೂ ಕಾಣುತ್ತದೆ.

ಒಬ್ಬ ತಂಗಿಯ ಗಂಡ ಮಂಗಳೂರಲ್ಲಿ ಇದ್ದಾನೆ. ಮಗು ಮೊದಲ ಹೆಜ್ಜೆ ಇಟ್ಟಿತು. ತಂಗಿ ಫೋನು ಹಿಡಿದು ತೋರಿಸಿದಳು. ಆ ಕಡೆ ಗಂಡ ನಕ್ಕ. ಆಮೇಲೆ ಮುಖ ಆ ಕಡೆ ತಿರುಗಿಸಿದ. ಅಪ್ಪ ಊರಿಗೆ ಬಂದಾಗ ಮಗು ಅಂಜಿ ಅಳಲಿಲ್ಲ. ಗುರುತು ಹಿಡಿಯಿತು. ಹಿಂದೆ ಎಷ್ಟು ಮಕ್ಕಳು ಅಪ್ಪನನ್ನು ನೋಡಿ "ಇವ ಯಾರು?" ಎಂದು ತಾಯಿಯ ಸೆರಗಿಗೆ ಬಚ್ಚಿಟ್ಟುಕೊಳ್ಳುತ್ತಿದ್ದವು!

ಶಿಶುನಾಳದ ಜಾತ್ರೆಗೆ ಬರಲು ಆಗದ ಮಗನಿಗೆ ತಾಯಿ ಫೋನಿನಲ್ಲೇ ಜಾತ್ರೆ ತೋರಿಸುತ್ತಾಳೆ. ಮದುವೆಗೆ ಸೀರೆ ಆರಿಸುವಾಗ ಬೆಂಗಳೂರಿನ ಮಗಳು ಅಲ್ಲಿಂದಲೇ "ಅವ್ವಾ, ಆ ಹಸಿರದ್ದು ತೋರ್ಸು" ಎನ್ನುತ್ತಾಳೆ. ಓದು ಬಾರದವರು ಮೈಕಿನ ಚಿತ್ರ ಒತ್ತಿ ಹಿಡಿದು ದನಿ ಕಳಿಸುತ್ತಾರೆ. ಹೆಸರಿನ ಬದಲು ಫೋಟೋ ನೋಡಿ ಗುರುತಿಸುತ್ತಾರೆ.

ಕಳಿಸಿದ ಮಾತಿನ ಕೆಳಗೆ ಸಣ್ಣ ಗೆರೆ ಗುರುತು ಬರುತ್ತದೆ. ಒಂದು ಗುರುತು ಇದ್ದರೆ ನಮ್ಮಿಂದ ಹೋಗಿದೆ. ಎರಡು ಇದ್ದರೆ ಆ ಫೋನಿಗೆ ಮುಟ್ಟಿದೆ. ಎರಡೂ ನೀಲಿ ಆದರೆ ಅವರು ತೆರೆದು ನೋಡಿದ್ದಾರೆ. ಕೆಲವರು ಆ ನೀಲಿ ಬಾರದಂತೆ ಬಂದ್ ಮಾಡಿರುತ್ತಾರೆ. ಹೀಗಾಗಿ ನೀಲಿ ಆಗಲಿಲ್ಲ ಎಂದು ಜಗಳ ಬೇಡ.

ಹಾಗಾದರೆ ಅಕ್ಷರ ಯಾಕೆ?

ತರಗತಿಗೆ ಕರೆಯಲು ಹೋದಾಗ ಕೆಲವರು ನಮ್ಮನ್ನು ಕೇಳುತ್ತಾರೆ. "ಮಾತಾಡಾಕ ಫೋನ್ ಐತಿ, ಮಾರಿ ನೋಡಾಕ ವಿಡಿಯೋ ಐತಿ. ಈ ವಯಸ್ಸಿನ್ಯಾಗ ಅ, ಆ ಯಾಕ ಬೇಕ್ರೀ?"

ಕೇಳುವುದು ಸರಿಯಾದ ಮಾತೇ. ನಾವೂ ಇದನ್ನು ವಿಚಾರ ಮಾಡಿದೆವು. ಉತ್ತರ ನಮಗೆ 2020ರಲ್ಲಿ ಸಿಕ್ಕಿತು.

2020ರ ಮಾರ್ಚ್ 24ರ ರಾತ್ರಿ ದೇಶಕ್ಕೆಲ್ಲ ಲಾಕ್‌ಡೌನ್ ಎಂದರು. ಬಸ್ಸು ನಿಂತವು. ರೈಲು ನಿಂತವು. ದುಡಿಯಲು ಹೋದವರು ಹೋದಲ್ಲೇ ಉಳಿದರು. ಕೆಲಸ ಇಲ್ಲ, ಪಗಾರ ಇಲ್ಲ. ಮನೆಯಲ್ಲಿ ಹೆಂಗಸರ ಕೈಯಲ್ಲಿ ಫೋನು. ಆಗ ಫೋನು ಒಂದೇ ದಾರ. ಆ ದಾರ ಹಿಡಿದು ಎರಡೂ ಕಡೆಯವರು ದಿನ ದೂಡಿದರು.

ಮೇ ತಿಂಗಳಲ್ಲಿ ಊರಿಗೆ ಬರಲು ದಾರಿ ತೆರೆಯಿತು. ಬೇರೆ ರಾಜ್ಯದಲ್ಲಿ ಇದ್ದವರು ಸೇವಾ ಸಿಂಧು ಎಂಬ ಸರ್ಕಾರದ ಜಾಲದಲ್ಲಿ ಹೆಸರು ಬರೆಸಬೇಕಿತ್ತು. ಎಲ್ಲಿದ್ದೀರಿ, ಯಾವ ಊರಿಗೆ ಹೋಗುತ್ತೀರಿ, ಆಧಾರ್ ನಂಬರ್ ಏನು ಎಂದೆಲ್ಲ ತುಂಬಬೇಕಿತ್ತು. ಒಪ್ಪಿಗೆ ಬಂದರೆ ಫೋನಿಗೆ ಸಂದೇಶ ಬರುತ್ತಿತ್ತು. ಆ ಸಂದೇಶ ಮಾತಾಡುವುದಿಲ್ಲ. ಅದಕ್ಕೆ ಮುಖ ಇಲ್ಲ. ಅದು ಅಕ್ಷರದಲ್ಲಿ ಇರುತ್ತದೆ. ಓದು ಬಂದವರಿಗೆ ಅದು ದಾರಿ ತೋರಿಸಿತು. ಓದು ಬಾರದವರು ಆಗಲೂ ಮತ್ತೊಬ್ಬರನ್ನು ಹುಡುಕಬೇಕಾಯಿತು.

ನೋಡಿದಿರಾ? ಸುಖದ ಮಾತು ಫೋನಿನಲ್ಲಿ ದನಿಯಾಗಿ ಬರುತ್ತದೆ. ಕಷ್ಟದ ಕೆಲಸ ಬಹಳ ಸಲ ಅಕ್ಷರವಾಗಿ ಬರುತ್ತದೆ. ಆಸ್ಪತ್ರೆ ಚೀಟಿ ಅಕ್ಷರ. ಬ್ಯಾಂಕಿನ ಸಂದೇಶ ಅಕ್ಷರ. ಪೊಲೀಸರಿಗೆ ಕೊಡುವ ಅರ್ಜಿ ಅಕ್ಷರ.

ದುಡ್ಡು ಬಂದೈತೋ, ಹೋಗೈತೋ?

ಈಗ ಮನಿಯಾರ್ಡರ್ ದಾರಿ ಕಾಯುವವರು ಕಡಿಮೆ. 2016ರಿಂದ ಯುಪಿಐ ಎಂಬ ಏರ್ಪಾಡು ಬಂತು. ಫೋನಿನಿಂದ ಫೋನಿಗೆ, ಬ್ಯಾಂಕಿನಿಂದ ಬ್ಯಾಂಕಿಗೆ ದುಡ್ಡು ಬರುತ್ತದೆ. ಶನಿವಾರ ಪಗಾರ ಆದರೆ ಶನಿವಾರವೇ ಮನೆಗೆ ದುಡ್ಡು. ಬಹಳ ಅನುಕೂಲ. ಆದರೆ ಇಲ್ಲೇ ಮೋಸವೂ ಇದೆ.

ಬ್ಯಾಂಕಿನಿಂದ ಬರುವ ಸಂದೇಶದಲ್ಲಿ ಎರಡು ಶಬ್ದ ಗುರುತಿಟ್ಟುಕೊಳ್ಳಿರಿ. ಕ್ರೆಡಿಟ್ ಎಂದರೆ ದುಡ್ಡು ನಮ್ಮ ಖಾತೆಗೆ ಬಂತು. ಡೆಬಿಟ್ ಎಂದರೆ ನಮ್ಮ ಖಾತೆಯಿಂದ ಹೋಯಿತು. ಜೊತೆಗೆ ಅಂಕಿ ಓದಿರಿ. ಐನೂರೋ, ಐದು ಸಾವಿರವೋ ಎಂದು ನೀವೇ ನೋಡಿರಿ.

ಇನ್ನೊಂದು ಮಾತು. ದುಡ್ಡು ಕಳಿಸಲು ಗುಟ್ಟಿನ ಪಿನ್ ಒತ್ತಬೇಕು. ದುಡ್ಡು ಪಡೆಯಲು ಪಿನ್ ಬೇಡವೇ ಬೇಡ. "ನಿಮ್ಮ ಮಗನಿಗೆ ಅಪಘಾತ ಆಗಿದೆ, ತಕ್ಷಣ ದುಡ್ಡು ಕಳಿಸಿ" ಎಂದು ಯಾರೋ ಹೇಳಬಹುದು. "ನಿಮಗೆ ದುಡ್ಡು ಬಂದಿದೆ, ಪಿನ್ ಒತ್ತಿರಿ" ಎನ್ನಬಹುದು. "ಒಟಿಪಿ ಹೇಳಿರಿ" ಎನ್ನಬಹುದು. ಒಟಿಪಿ ಎಂದರೆ ಆ ಒಂದು ಸಲಕ್ಕೆ ಮಾತ್ರ ಬರುವ ಗುಟ್ಟಿನ ಅಂಕಿ. ಅದು ನಮ್ಮ ಪೆಟ್ಟಿಗೆಯ ಬೀಗದ ಕೈ ಇದ್ದಂತೆ. ಬೀಗದ ಕೈಯನ್ನು ದಾರಿಹೋಕರಿಗೆ ಕೊಡುತ್ತೀರಾ? ಫೋನು ಇಡಿರಿ. ನಿಮ್ಮ ಮಗನ ನಂಬರಿಗೆ ನೀವೇ ಕರೆ ಮಾಡಿರಿ. ಅವನು ಸಿಗದಿದ್ದರೆ ಅವನ ಜೊತೆಗಾರನಿಗೆ ಮಾಡಿರಿ.

ಮೋಸ ಆಗಿಯೇ ಹೋಯಿತೇ? ನಾಚಿಕೆ ಪಟ್ಟು ಸುಮ್ಮನೆ ಕೂಡಬೇಡಿರಿ. ಕೂಡಲೇ 1930 ನಂಬರಿಗೆ ಫೋನು ಮಾಡಿರಿ. ಬ್ಯಾಂಕಿಗೂ ತಿಳಿಸಿರಿ. ಎಷ್ಟು ಬೇಗ ತಿಳಿಸುತ್ತೀರೋ, ದುಡ್ಡು ತಡೆಯಲು ಅಷ್ಟು ಅನುಕೂಲ.

ಫೋನು ಯಾರ ಕೈಯಲ್ಲಿ?

ಅನೇಕ ಮನೆಗಳಲ್ಲಿ ಹೆಂಗಸಿಗೆ ತನ್ನದೇ ಫೋನು ಇಲ್ಲ. ಇದ್ದ ಒಂದು ಫೋನು ಮೈದುನನ ಕಿಸೆಯಲ್ಲಿ ಇರುತ್ತದೆ. ಇಲ್ಲವೇ ಮಗನ ಕೈಯಲ್ಲಿ. ಗಂಡನ ಕರೆ ಬಂದಾಗ ಎಲ್ಲರೂ ಮಾತಾಡಿ ಮುಗಿಸಿ, ಕೊನೆಗೆ ಸೊಸೆಗೆ ಕೊಡುತ್ತಾರೆ. ಅದೂ ಸ್ಪೀಕರ್ ಹಚ್ಚಿ! ಆ ಅಕ್ಕನ ಪತ್ರದ ಕಥೆಯೂ ಇದೇ ಅಲ್ಲವೇ?

ಇನ್ನು ಕೆಲವು ಕಡೆ ಫೋನು ಎಂದರೆ ಸಂಶಯ. "ಅಷ್ಟೊತ್ತು ಫೋನ್ ಬಿಜಿ ಇತ್ತಲ್ಲ, ಯಾರ ಜೋಡಿ ಮಾತಾಡಾಕತ್ತಿದ್ದಿ?" ಎಂದು ದೂರದ ಗಂಡ ಕೇಳುತ್ತಾನೆ. ತವರಿನ ತಾಯಿಯ ಜೊತೆ ಮಾತಾಡಿದರೂ ಲೆಕ್ಕ ಕೊಡಬೇಕು. ಹತ್ತಿರ ತರಲು ಬಂದ ಫೋನು ದೂರ ಮಾಡಬಾರದು. ಇದನ್ನು ಗಂಡ ಹೆಂಡತಿ ಕೂತು ಮಾತಾಡಿಕೊಳ್ಳಬೇಕು. ದಿನಕ್ಕೆ ಒಂದು ಸಲ, ಇಬ್ಬರಿಗೂ ಬಿಡುವು ಇರುವ ಹೊತ್ತಿಗೆ, ಇಬ್ಬರೇ ಮಾತಾಡುವ ಹೊತ್ತು ಇಟ್ಟುಕೊಳ್ಳಬೇಕು. ಇದು ಬೇಡುವ ಮಾತಲ್ಲ. ಹೆಂಡತಿಗೆ ಸಲ್ಲಬೇಕಾದದ್ದು.

ಇನ್ನೊಂದು ನೆನಪಿಡಿರಿ. ಫೋನಿನಲ್ಲಿ ದನಿ ಬರುತ್ತದೆ, ನೋವು ಕಾಣುವುದಿಲ್ಲ. ಕಾಲು ಮುರಿದು ಮಲಗಿದವನೂ "ಆರಾಮ ಅದೀನಿ" ಎನ್ನುತ್ತಾನೆ. ಮನೆಯವರು ಗಾಬರಿ ಆಗಬಾರದು ಎಂದು. ಇಲ್ಲಿ ಹಸಿದವಳೂ "ಉಂಡೇನಿ" ಎನ್ನುತ್ತಾಳೆ. ಹೀಗೆ ಎರಡೂ ಕಡೆ ಮುಚ್ಚಿಟ್ಟರೆ ಕಷ್ಟ ದೊಡ್ಡದಾಗುತ್ತದೆ. ನಿಜ ಹೇಳುವ ರೂಢಿ ಎರಡೂ ಕಡೆ ಬೇಕು.

ಒಂದು ಪಟ್ಟಿ ಬರೆಯಿರಿ

ಫೋನು ಕಳೆದರೆ ಅದರಲ್ಲಿದ್ದ ನಂಬರೆಲ್ಲ ಹೋಗಬಹುದು. ನೀರಿಗೆ ಬಿದ್ದರೂ ಅಷ್ಟೇ. ಆದರೆ ಗೋಡೆಯ ಮೇಲೆ, ಪಟ್ಟಿಯಲ್ಲಿ ಬರೆದದ್ದು ಉಳಿಯುತ್ತದೆ. ಪಟ್ಟಿ ಎಂದರೆ ನಮ್ಮ ನೋಟುಬುಕ್ಕು. ಅದರಲ್ಲಿ ನಿಮ್ಮ ಕೈಯಿಂದಲೇ ಇವನ್ನು ಬರೆಯಿರಿ.

1. ಹೊರಗೆ ದುಡಿಯುವವರ ಹೆಸರು, ಅವರ ಫೋನ್ ನಂಬರ್.

2. ಅವರು ಇರುವ ಜಾಗದ ಪೂರ್ತಿ ವಿಳಾಸ. ಊರು, ಓಣಿ, ಹತ್ತಿರದ ಗುರುತು, ಪಿನ್ ಕೋಡ್.

3. ಕೆಲಸ ಕೊಟ್ಟ ಮೇಸ್ತ್ರಿ ಅಥವಾ ಗುತ್ತಿಗೆದಾರನ ಹೆಸರು, ನಂಬರ್.

4. ಜೊತೆಗೆ ಇರುವ ಇಬ್ಬರು ಗೆಳೆಯರ ನಂಬರ್.

5. ಯಾವ ತಾರೀಖಿಗೆ ಎಷ್ಟು ದುಡ್ಡು ಬಂತು ಎಂಬ ಲೆಕ್ಕ.

ಪಗಾರ ಕೊಡದೆ ಸತಾಯಿಸಿದರೆ, ಅಪಘಾತ ಆದರೆ, ಮನುಷ್ಯ ನಾಲ್ಕು ದಿನ ಸಿಗದಿದ್ದರೆ, ಈ ಒಂದು ಹಾಳೆ ನಿಮ್ಮ ಕೈ ಹಿಡಿಯುತ್ತದೆ. "ಗೋವಾದಾಗ ಎಲ್ಲೋ ಅದಾನ್ರೀ" ಎಂದರೆ ಯಾರು ಹುಡುಕಬೇಕು, ಎಲ್ಲಿ ಹುಡುಕಬೇಕು?

ಮೊದಲ ಸಂದೇಶ

ಆ ಅಕ್ಕನ ಮಾತು ಅರ್ಧಕ್ಕೆ ಬಿಟ್ಟಿದ್ದೆವು. ಅವಳಿಗೆ ಈಗ ವಯಸ್ಸಾಗಿದೆ. ಗಂಡ ಈಗ ಊರಲ್ಲೇ ಇದ್ದಾನೆ. ಈಗ ಮಗ ಬೆಂಗಳೂರಿನಲ್ಲಿ ದುಡಿಯುತ್ತಾನೆ. ಅವಳು ತರಗತಿಗೆ ಬಂದು ಎಂಟು ತಿಂಗಳಾಗಿತ್ತು. ಒಂದು ದಿನ ಫೋನು ತಂದು ನಮ್ಮ ಮುಂದೆ ಇಟ್ಟಳು. "ಇದರಾಗ ಕನ್ನಡ ಬರಿಯಾಕ ಬರ್ತೈತಂತಲ್ಲ, ತೋರ್ಸಿಕೊಡ್ರಿ" ಎಂದಳು.

ನಾವು ಕನ್ನಡ ಅಕ್ಷರದ ಕೀಲಿಮಣೆ ತೆರೆದು ಕೊಟ್ಟೆವು. ಅವಳು ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಒಂದು ತಪ್ಪಿದರೆ ಅಳಿಸಿ ಮತ್ತೆ ಒತ್ತಿದಳು. ಅರ್ಧ ತಾಸು ಹಿಡಿಯಿತು. ಏನು ಬರೆಯುತ್ತಿದ್ದಾಳೆ ಎಂದು ಪಕ್ಕದವಳು ಬಗ್ಗಿ ನೋಡಿದಳು. ಅಕ್ಕ ಸೆರಗು ಅಡ್ಡ ಮಾಡಿದಳು.

"ನನ್ನ ಮಗಗ ಬರಿಯಾಕತ್ತೀನಿ. ನೀ ಯಾಕ ನೋಡ್ತಿ?" ಎಂದಳು.

ಎಲ್ಲರೂ ನಕ್ಕೆವು. ಅವಳೂ ನಕ್ಕಳು. ಆದರೆ ಸೆರಗು ತೆಗೆಯಲಿಲ್ಲ. ಸಂದೇಶ ಹೋಯಿತು. ಎರಡು ಗುರುತು ಬಂದವು. ಸ್ವಲ್ಪ ಹೊತ್ತಿಗೆ ನೀಲಿ ಆದವು. ಅದರ ಹಿಂದೆಯೇ ಮಗನ ಫೋನು ಬಂತು. "ಯವ್ವಾ, ಇದು ನೀನ ಬರ್ದಿಯೇನ?"

ಏನು ಬರೆದಿದ್ದಳು? ನಾವು ಕೇಳಲಿಲ್ಲ. ಅದು ತಾಯಿ ಮಗನ ಮಾತು.

ಅಕ್ಕಂದಿರೇ, ತಂಗಿಯರೇ, ಇವತ್ತು ನೀವೂ ಒಂದು ಸಂದೇಶ ಬರೆಯಿರಿ. ಉದ್ದ ಬೇಡ. "ಊಟ ಆಯ್ತಾ?" ಎಂದು ಬರೆದರೂ ಸಾಕು. ಫೋನು ಇಲ್ಲದಿದ್ದರೆ ಒಂದು ಕಾರ್ಡು ತಂದು ಬರೆಯಿರಿ. ವಿಳಾಸದ ಕೆಳಗೆ ಆರು ಅಂಕಿ ಮರೆಯಬೇಡಿರಿ. ನಿಮ್ಮ ಮಾತು, ನಿಮ್ಮ ಕೈ, ನಿಮ್ಮ ಅಕ್ಷರ.